ಮೂಲೆ ಮುರಿದ ಸ್ಲೈಡು

ನಾನು ಒಂದು ಸೂಕ್ಷ್ಮದರ್ಶಕ. ಹುಟ್ಟಿದ್ದು ಅಂಬಾಲದ ಒಂದು ಕಾರ್ಖಾನೆಯಲ್ಲಿ. ಹಿತ್ತಾಳೆಯ ಕೊಳವೆ, ಮೇಲೆ ಒಂದೇ ಕಣ್ಣು, ಕೆಳಗೆ ಬೆಳಕು ಹಿಡಿಯುವ ದುಂಡು ಕನ್ನಡಿ. ಮನುಷ್ಯರ ಮುಖವನ್ನು ಪೂರ್ತಿ ನೋಡಿದ್ದು ಕಡಿಮೆ. ನನಗೆ ಗೊತ್ತಿರುವುದು ಅವರ ಕಣ್ಣು. ಅದೂ ಕೆಳಗಿನಿಂದ, ಒಮ್ಮೆಗೆ ಒಂದೇ.

ರೈಲಿನಲ್ಲಿ ಹುಬ್ಬಳ್ಳಿಯ ಒಂದು ವೈದ್ಯಕೀಯ ಕಾಲೇಜಿಗೆ ಬಂದೆ. ಕಿಟಕಿ ಪಕ್ಕದ ಏಳನೆಯ ಮೇಜು ನನ್ನದಾಯಿತು. ಮುಂಜಾನೆಯ ಬಿಸಿಲು, ಸ್ಲೈಡಿನ ಮೇಲೆ ಹನಿಸುವ ದೇವದಾರು ಎಣ್ಣೆಯ ವಾಸನೆ, ಸ್ಟೂಲು ಎಳೆಯುವ ಸದ್ದು. ಅವು ಈಗಲೂ ನೆನಪಾಗುತ್ತವೆ.

ಅಲ್ಲಿ ಒಂದು ಪದ್ಧತಿ ಇತ್ತು. ಪರೀಕ್ಷೆಯ ದಿನ ಸೂಕ್ಷ್ಮದರ್ಶಕಗಳಾದ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೆಳಗೆ ಒಂದೊಂದು ಸ್ಲೈಡು ಇಡುತ್ತಿದ್ದರು. ಗಂಟೆ ಬಾರಿಸಿದಾಗ ವಿದ್ಯಾರ್ಥಿಗಳು ನೋಡಿ ರೋಗದ ಹೆಸರು ಬರೆಯಬೇಕು. ಮತ್ತೆ ಬಾರಿಸಿದರೆ ಮುಂದಿನ ಮೇಜಿಗೆ ಹೋಗಬೇಕು. ಸ್ಲೈಡುಗಳು ಮಾತ್ರ ಪ್ರತಿ ವರ್ಷವೂ ಅವೇ. ಹೀಗಾಗಿ ಹುಡುಗರು ನನ್ನೊಳಗೆ ಇಣುಕುವ ಮೊದಲು ಗಾಜಿನ ಅಂಚು ನೋಡುತ್ತಿದ್ದರು. ಶಾಯಿ ಕಲೆ ಇದ್ದದ್ದು ಮಲೇರಿಯಾ, ಮೂಲೆ ಮುರಿದದ್ದು ಕುಷ್ಠ. ಹಿರಿಯರು ಕಿರಿಯರಿಗೆ ತಪ್ಪದೆ ದಾಟಿಸುತ್ತಿದ್ದ ಪಾಠ ಇದೊಂದೇ.

ಪ್ರಮೀಳಾ ತೊರಗಲ್ಲ ಅಲ್ಲಿಯೇ ಓದಿ ಡಾಕ್ಟರಾದವಳು. ಚರ್ಮರೋಗ ತಜ್ಞೆಯಾಗಬೇಕೆಂಬುದು ಅವಳ ಹಟ. ಆ ವಿಭಾಗದಲ್ಲಿ ಮುಂದೆ ಓದಲು ವರ್ಷಕ್ಕೆ ಒಂದೇ ಸೀಟು. ಮೊದಲ ಸಲ ಸಿಗಲಿಲ್ಲ. ಸಂಶೋಧನೆಯ ಪದವಿ ಇದ್ದರೆ ಅನುಕೂಲವಾದೀತೆಂದು ಮೂರು ವರ್ಷ ನನ್ನ ಮೇಜಿಗೆ ಬಂದು ಕೂತಳು. ಕುಷ್ಠರೋಗಿಗಳ ಚರ್ಮದಿಂದ ತೆಗೆದ ಸಾವಿರಾರು ಸ್ಲೈಡುಗಳಲ್ಲಿ, ನೀಲಿಯ ನಡುವೆ ಕೆಂಪು ಕಡ್ಡಿಯಂಥ ರೋಗಾಣುಗಳನ್ನು ಎಣಿಸಿದಳು. ಕಾಣದ ದಿನ ‘ಇಲ್ಲ’ ಎಂದು ಬರೆದಳು. ಅವಳ ಎಡಗಣ್ಣಿನ ರೆಪ್ಪೆ ನನ್ನ ಗಾಜಿಗೆ ತಾಗುತ್ತಿತ್ತು. ನನ್ನ ಒಳ್ಳೆಯ ವರ್ಷಗಳು ಅವು.

ಅದೇ ಸೀಟಿಗೆ ಕಾದಿದ್ದ ಸಹಪಾಠಿ ಮೇಟಿ ಆಗಾಗ ಬಂದು ಕೆಣಕುತ್ತಿದ್ದ.

“ಏನ್ ಪ್ರಮೀಳಾ, ಹುಳಾ ಎಣಿಸಿದ್ರ ಸೀಟು ಕೊಡ್ತಾರೇನ?”

“ಕೊಡ್ತಾರೋ ಬಿಡ್ತಾರೋ, ನೀ ಬೆಳಕಿಗೆ ಅಡ್ಡ ನಿಂತೀ. ಸರಿಯಪಾ ಅತ್ತಾಗ.”

ಆಯ್ಕೆಯ ದಿನ ಬಂತು. ಚರ್ಮರೋಗ ವಿಭಾಗದ ಮುಖ್ಯಸ್ಥ ಡಾಕ್ಟರ್ ಇನಾಮದಾರ ಅವಳ ಅರ್ಜಿ ತಿರುವಿ, “ಸಂಶೋಧನಾಕ್ಕ ಮಾರ್ಕ್ ಕೊಡಾಕ ಇದರಾಗ ಕಾಲಮ್ಮೇ ಇಲ್ಲಲ್ಲವಾ” ಎಂದರು. ಉಳಿದದ್ದು ಸ್ಲೈಡುಗಳ ಪರೀಕ್ಷೆ.

ನನ್ನ ಪಾಲಿಗೆ ಬಂದದ್ದು ಮೂಲೆ ಮುರಿದ ಸ್ಲೈಡು. ವರ್ಷಗಟ್ಟಲೆ ಬಿಸಿಲು ಕುಡಿದು ಅದರ ಕೆಂಪು ಪೂರ್ತಿ ಮಾಸಿತ್ತು. ಆ ಬಿಸಿಲನ್ನು ಹಿಡಿದುಕೊಟ್ಟವನು ನಾನೇ. ಮೇಟಿ ಮೂಲೆ ನೋಡಿದ, ‘ಕುಷ್ಠ’ ಎಂದು ಬರೆದ, ನಡೆದ. ಪ್ರಮೀಳಾ ಕಣ್ಣಿಟ್ಟಳು. ಸ್ಲೈಡನ್ನು ಅತ್ತ ಸರಿಸಿದಳು, ಇತ್ತ ಸರಿಸಿದಳು. ಕಣ್ಣು ತೆಗೆದು ಮುರಿದ ಮೂಲೆಯನ್ನು ನೋಡಿದಳು. ಬರೆಯಬೇಕಾದ ಉತ್ತರ ಅವಳಿಗೂ ಗೊತ್ತಿತ್ತು. ಮತ್ತೆ ಬಗ್ಗಿದಳು. ಗಂಟೆ ಬಾರಿಸುವ ಹೊತ್ತಿಗೆ ಬರೆದಳು: ‘ಬಣ್ಣ ಮಾಸಿದೆ. ರೋಗಾಣು ಕಾಣುತ್ತಿಲ್ಲ. ಹೇಳಲಾಗದು.’

ಒಂದು ಮಾರ್ಕು ಹೋಯಿತು. ಆ ಒಂದರಿಂದಲೇ ಸೀಟು ಮೇಟಿಗೆ ಹೋಯಿತು.

ಪಟ್ಟಿ ಅಂಟಿಸಿದ ಮೇಲೆ ಇನಾಮದಾರರು ಅವಳನ್ನು ನನ್ನ ಬಳಿಗೆ ಕರೆತಂದರು. “ಮೂಲಿ ನೋಡ್ಲಿಲ್ಲೇನವಾ?”

“ನೋಡಿದೆ ಸರ್.”

“ಮತ್ತ?”

“ಮೂಲ್ಯಾಗ ರೋಗ ಇರೂದಿಲ್ರಿ ಸರ್.”

ಅವರು ಬಗ್ಗಿ ನೋಡಿದರು. ಪೊರೆ ಬರತೊಡಗಿದ್ದ ಆ ಮುದಿ ಕಣ್ಣು ಬಹಳ ಹೊತ್ತು ನನ್ನ ಮೇಲೆಯೇ ಇತ್ತು. ಕೊನೆಗೆ ಸ್ಲೈಡು ಎಳೆದು ಕೋಟಿನ ಜೇಬಿಗೆ ಹಾಕಿಕೊಂಡರು. ಪಟ್ಟಿ ಬದಲಾಗಲಿಲ್ಲ. ಮುಂದಿನ ವರ್ಷ ಎಲ್ಲ ಸ್ಲೈಡುಗಳೂ ಹೊಸವು. ಆ ಸಲ ಪ್ರಮೀಳಾಗೆ ಸೀಟು ಸಿಕ್ಕಿತು. ಕಾಲಮ್ಮು ಆಗಲೂ ಇರಲಿಲ್ಲ.

ಆಮೇಲೆ ವಿದ್ಯುತ್ ದೀಪದ, ಎರಡು ಕಣ್ಣಿನವು ಬಂದವು. ನನ್ನನ್ನು ಗುಜರಿಗೆ ಹಾಕುವಾಗ ಅವಳು ಕೇಳಿ ತಂದಳು. ಈಗ ಅವಳ ದವಾಖಾನೆಯ ಕಿಟಕಿಯಲ್ಲಿ ಕೂತಿದ್ದೇನೆ. ಮಸೂರಕ್ಕೆ ಬೂಷ್ಟು ಹಿಡಿದಿದೆ. ನನ್ನೊಳಗೆ ಈಗ ಬರೀ ಮಬ್ಬು.

ಎಳೆಯ ಡಾಕ್ಟರುಗಳು ಬಂದು ಅದೇ ಪ್ರಶ್ನೆ ಕೇಳುತ್ತಾರೆ: “ಮೇಡಂ, ಸಂಶೋಧನಾ ಮಾಡಿದ್ರ ಸೀಟಿಗೆ ಅನುಕೂಲ ಆಗ್ತದೇನ್ರಿ?” ಅವಳು ನನ್ನ ಕೆಳಗೆ ಒಂದು ಸ್ಲೈಡು ಇಟ್ಟು ಕೈ ತೋರುತ್ತಾಳೆ. “ಮೊದಲ ಇದರಾಗ ಏನ್ ಕಾಣ್ತದ ಹೇಳ್ರಿ.” ಹೆಚ್ಚಿನವರು ಸಂಕೋಚಕ್ಕೆ ಏನಾದರೊಂದು ರೋಗದ ಹೆಸರು ಹೇಳುತ್ತಾರೆ. ಅವರಿಗೆ ಚಹಾ ಕೊಟ್ಟು ಕಳಿಸುತ್ತಾಳೆ.

ಮೊನ್ನೆ ಒಬ್ಬಳು ಬಂದಿದ್ದಳು. ಸ್ಲೈಡು ಸರಿಸಿದಳು, ತಿರುಪು ತಿರುಗಿಸಿದಳು. ಅವಳ ರೆಪ್ಪೆ ನನ್ನ ಗಾಜಿಗೆ ತಾಗಿತು. ಎಷ್ಟು ವರ್ಷಗಳಾಗಿದ್ದವು!

“ಏನೂ ಕಾಣವಲ್ದ್ರಿ ಮೇಡಂ,” ಎಂದಳು.

ಪ್ರಮೀಳಾ ಕುರ್ಚಿ ಎಳೆದಳು. “ಕುಂದರವಾ. ನೀ ಸಂಶೋಧನಾ ಮಾಡು.”