ವಿಳಾಸದ ಕೆಳಗಿನ ಗೂಟ

ಆ ಒಂದು ಲಿಂಕನ್ನು ಮಾತ್ರ ಒತ್ತಬಾರದು ಎಂದು ತಂಗಿ ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದಳು. ಈಗ ನೋಡಿದರೆ ಅದು ಪರದೆಯ ಮೇಲೆ, ಪಟ್ಟಿಯ ಕಟ್ಟಕಡೆಯಲ್ಲಿ, ಏನೂ ಅರಿಯದ ಹಾಗೆ ನೀಲಿಯಾಗಿ ಕೂತಿತ್ತು: ‘ಗುಬ್ಬಿಗೆ’. ಗುಬ್ಬಿ ಎಂದರೆ ಅವಳೇ. ನಲವತ್ತೇಳು ವರ್ಷದ, ಮಂಡಿನೋವಿನ ಹೆಂಗಸನ್ನು ಹಾಗೆ ಕರೆಯುವ ಪ್ರಾಣಿ ಭೂಮಿಯ ಮೇಲೆ ಒಂದೇ ಒಂದಿತ್ತು. ಅದು ಅವಳಿಗೆ ಬೆನ್ನು ಹಾಕಿ ಕೂತು ಹೊಲಿಗೆ ಮೆಷಿನ್ನೊಂದರ ಹೊಟ್ಟೆಗೆ ಎಣ್ಣೆ ಬಿಡುತ್ತಿತ್ತು.

“ಟೀ ಕುಡೀತಾಳಾ ಕೇಳು,” ಎಂದ ಅಣ್ಣ, ಹೆಂಡತಿಯ ಕಡೆ ತಿರುಗಿ.

“ಎರಡು ಮಾರು ದೂರದಲ್ಲಿ ಕೂತಿದಾಳೆ. ನೀವೇ ಕೇಳಿ,” ಎಂದರು ಅತ್ತಿಗೆ. ಅವನು ಕೇಳಲಿಲ್ಲ. ಅತ್ತಿಗೆ ನಿಟ್ಟುಸಿರು ಬಿಟ್ಟು ಒಳಗೆ ಹೋದರು.

ಅವಳನ್ನು ಕರೆಸಿದ್ದೂ ಅತ್ತಿಗೆಯೇ. ಅಣ್ಣನ ರಿಪೇರಿ ಅಂಗಡಿಯ ವೆಬ್ ಪುಟವನ್ನು ಇಷ್ಟು ವರ್ಷ ಬಿಟ್ಟಿಯಾಗಿ ಇಟ್ಟುಕೊಂಡಿದ್ದ ಕಂಪನಿ ತಿಂಗಳ ಕೊನೆಗೆ ಬಾಗಿಲು ಮುಚ್ಚುತ್ತದಂತೆ. ಅಷ್ಟರೊಳಗೆ ಬೇರೆ ಕಡೆಗೆ ಸಾಗಿಸದಿದ್ದರೆ ಎಲ್ಲ ಅಳಿಸಿಹೋಗುತ್ತದಂತೆ. “ನಿಮ್ಮಣ್ಣ ಬಾಯಿಬಿಟ್ಟು ಕೇಳೋ ಪೈಕಿ ಅಲ್ಲ. ಎರಡು ದಿನದಿಂದ ಊಟ ಸರಿಯಾಗಿ ಸೇರ್ತಿಲ್ಲ. ಬಾರೇ ಒಂದ್ಸಲ,” ಎಂದಿದ್ದರು ಫೋನಿನಲ್ಲಿ.

ಹೊಲಿಗೆ ಮೆಷಿನ್ನಿಗೆ ಬರಬಹುದಾದ ಕಾಯಿಲೆಗಳೆಲ್ಲ ಆ ಒಂದೇ ಉದ್ದನೆಯ ಪುಟದಲ್ಲಿದ್ದವು. ಅಂಗಡಿಯ ಬಾಗಿಲು ಅರ್ಧ ಎಳೆದ ಸಂಜೆಗಳಲ್ಲಿ, ಬಾಬಿನ್ನುಗಳ ಡಬ್ಬಿ ಪಕ್ಕಕ್ಕೆ ಸರಿಸಿ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಮುಂದೆ ಇಬ್ಬರೂ ಕೂರುತ್ತಿದ್ದರು, ಅವಳು ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ. ಅವನು ಹೇಳುವುದು, ಅವಳು ಕುಟ್ಟುವುದು. ಮೂರು ತಿಂಗಳ ಕ್ಲಾಸಿಗೆ ಹೋಗಿ ಕಲಿತಿದ್ದು ಅವಳು; ಮೂವತ್ತು ವರ್ಷ ಕೈ ಮಸಿ ಮಾಡಿಕೊಂಡು ಕಲಿತಿದ್ದು ಅವನು. ಪುಟ ಬೆಳೆಯುತ್ತ ಹೋಯಿತು. ಸೂಜಿ ಮುರಿದವನೊಬ್ಬ ತನ್ನ ಕಾಯಿಲೆ ಹುಡುಕಬೇಕಾದರೆ ಬೇರೆಯವರ ಕಾಯಿಲೆಗಳನ್ನೆಲ್ಲ ದಾಟಿಕೊಂಡು ಬರಬೇಕಾಯಿತು.

“ಅಲ್ಲಿಗೆ ಬರೋ ಹೊತ್ತಿಗೆ ಅವನು ಹೊಸ ಮೆಷಿನ್ನೇ ತಗೊಂಡಿರ್ತಾನೆ,” ಎಂದು ಅಣ್ಣ ಗೊಣಗಿದ.

ಆಗ ಅವಳು ಹೇಳಿಕೊಟ್ಟಿದ್ದಳು. “ಮೇಲೆ ಒಂದು ಪಟ್ಟಿ ಹಾಕೋಣ. ಕೆಳಗೆ ಎಲ್ಲಿಗೆ ಹೋಗ್ಬೇಕೋ ಅಲ್ಲೊಂದು ಗುರುತು ಮಾಡಿ, ಅದಕ್ಕೊಂದು ಹೆಸರಿಡೋದು. ಓದೋರಿಗೆ ಆ ಗುರುತು ಕಾಣಲ್ಲ. ಮೇಲಿನ ಲಿಂಕಿನೊಳಗೆ ಅದೇ ಹೆಸರು ಬರೆದ್ರೆ, ಒತ್ತಿದ ತಕ್ಷಣ ಅಲ್ಲಿಗೇ ಹೋಗಿ ನಿಲ್ಲತ್ತೆ.”

“ಗೂಟ ಅನ್ನು! ಕೆಳಗೆ ಗೂಟ ಹೊಡಿ, ಮೇಲಿಂದ ಹಗ್ಗ ಕಟ್ಟು. ಇಷ್ಟಕ್ಕೆ ಮೂರು ತಿಂಗಳು ಫೀಸ್ ಕಟ್ಟಿದ್ಯಾ?”

ಅವತ್ತಿನಿಂದ ಇಬ್ಬರ ಬಾಯಲ್ಲೂ ಅದು ಗೂಟವೇ ಆಯಿತು. ಮೊದಲ ಗೂಟ ‘ಸೂಜಿ ಮುರಿಯುವುದು’. ಅಣ್ಣ ಒತ್ತಿದ, ಪುಟ ಜಿಗಿಯಿತು. ಅವನ ಮುಖ ಊರಗಲವಾಯಿತು. ಮೇಲೆ ಹೋಗಿ ಮತ್ತೆ ಒತ್ತಿದ, ಮತ್ತೆ ಮತ್ತೆ, ಇಪ್ಪತ್ತು ಸಲ. “ಬಾರೇ ಇಲ್ಲಿ, ನೋಡು, ಹಾರ್ತು!” ಎಂದು ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿದ.

“ಹಾರ್ಲಿ ಬಿಡಿ, ಇಲ್ಲಿ ಹಾಲು ಉಕ್ತಿದೆ!”

ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಅವಳ ಜೀವನದಲ್ಲಿ ಅಷ್ಟು ಸುಖವಾದ ಸಂಜೆಗಳು ಆಮೇಲೆ ಬರಲೇ ಇಲ್ಲ. ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ ಅಷ್ಟೆ.

ಆಮೇಲೆ ದೂರದ ಊರಿನ ಬಟ್ಟೆ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ದೊಡ್ಡ ದೊಡ್ಡ ಮೆಷಿನ್ನುಗಳನ್ನು ನೋಡಿಕೊಳ್ಳುವ ಕೆಲಸ. ಅಂಗಡಿಯ ಬೋರ್ಡಿನಲ್ಲಿ ‘ಅಣ್ಣ ತಂಗಿ’ ಎಂದು ಬಣ್ಣದಲ್ಲಿ ಬರೆಸಿ ಇನ್ನೂ ವರ್ಷ ತುಂಬಿರಲಿಲ್ಲ. “ಹೋಗು, ಹೋಗು. ನಿನ್ನ ಸ್ಟೂಲಿಗೆ ಬೇರೆಯವರು ಸಿಗ್ತಾರೆ,” ಎಂದು ಅಣ್ಣ ಮುಖ ತಿರುಗಿಸಿದ್ದ. ಬಸ್ಸು ಹತ್ತಿಸುವುದಕ್ಕೂ ಬರಲಿಲ್ಲ.

ಒಂದು ತಿಂಗಳಾದ ಮೇಲೆ, ಮನೆಯ ನೆನಪು ತಡೆಯಲಾರದೆ, ಅವಳು ಕಾರ್ಖಾನೆಯ ಆಫೀಸಿನ ಕಂಪ್ಯೂಟರಿನಲ್ಲಿ ಪುಟ ತೆರೆದಿದ್ದಳು. ಪಟ್ಟಿಯಲ್ಲೊಂದು ಹೊಸ ಸಾಲು ಬಂದಿತ್ತು: ‘ಗುಬ್ಬಿಗೆ’. ಒತ್ತಿದಳು. ಪುಟ ಜಿಗಿದು ನಿಂತಿದ್ದು ‘ಅರ್ಧ ಕಲಿತವರು ಬಿಚ್ಚಿದ ಮೆಷಿನ್’ ಎಂಬಲ್ಲಿ. ‘ತುಕ್ಕಿಗಿಂತ ಹೆಚ್ಚು ಹಾಳು ಮಾಡುವವರು ಇವರು. ಬಿಚ್ಚುವುದಕ್ಕೆ ಬರುತ್ತದೆ, ಜೋಡಿಸುವುದಕ್ಕೆ ಬರುವುದಿಲ್ಲ. ನಡುವೆ ಎದ್ದು ಹೋಗುತ್ತಾರೆ.’ ಯಾವನೋ ಗಿರಾಕಿಯನ್ನು ನೆನೆಸಿಕೊಂಡು, ನಗುತ್ತ ನಗುತ್ತ ಅವಳೇ ಕುಟ್ಟಿದ್ದ ಸಾಲುಗಳು. ಅದನ್ನೇ ತಿರುಗಿಸಿ ತನ್ನ ಮುಖಕ್ಕೆ ಎಸೆದನೇ ಅಣ್ಣ? ಆ ಪುಟ ಮುಚ್ಚಿದವಳು ಇವತ್ತಿನವರೆಗೆ ತೆರೆದಿರಲಿಲ್ಲ. ಮಾತು ಪೂರ್ತಿ ಬಿಟ್ಟಿದ್ದರು ಎನ್ನುವ ಹಾಗಿಲ್ಲ. ಯಾರದಾದರೂ ಮದುವೆಯಲ್ಲಿ ಎದುರುಬದುರಾದರೆ “ಚೆನ್ನಾಗಿದೀಯಾ?” “ಹ್ಞೂಂ.” ಹದಿನೇಳು ವರ್ಷ ಅಷ್ಟರಲ್ಲೇ ಕಳೆದಿತ್ತು.

ಈಗ ಅವಳು ಪುಟದ ಒಳಬರಹವನ್ನು, ಓದುವವರಿಗೆ ಕಾಣದ ಗುರುತುಗಳ ಸಮೇತ, ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಗೂಟಗಳನ್ನು ಎಣಿಸತೊಡಗಿದಳು. ಸಾಗಿಸುವಾಗ ಒಂದೂ ಕಳೆದುಹೋಗಬಾರದು. ಮೇಲಿನ ಪಟ್ಟಿಯಲ್ಲಿ ಇಪ್ಪತ್ತಮೂರು ಹಗ್ಗ. ಕೆಳಗೆ ಒಂದು, ಎರಡು, ಮೂರು... ‘ಅರ್ಧ ಕಲಿತವರು’ ಇಪ್ಪತ್ತೆರಡನೆಯದು. ಅದಾದ ಮೇಲೆ ಅಂಗಡಿಯ ವಿಳಾಸ, ಫೋನ್ ನಂಬರ್. ಅಲ್ಲಿಗೆ ಪುಟ ಮುಗಿಯಬೇಕು.

ಮುಗಿದಿರಲಿಲ್ಲ. ವಿಳಾಸದಿಂದ ಎಷ್ಟೋ ಖಾಲಿ ಸಾಲುಗಳ ಕೆಳಗೆ ಇನ್ನೊಂದು ಗೂಟವಿತ್ತು. ಅದರ ಹೆಸರೂ ಇಪ್ಪತ್ತೆರಡನೆಯದರ ಹೆಸರೇ. ಮೇಲಿನದನ್ನು ಹಾಗೇ ನಕಲು ಮಾಡಿ, ಹೆಸರು ಬದಲಿಸದೆ ಬಿಟ್ಟಿದ್ದ. ಅದರ ಕೆಳಗೆ ಹೀಗಿತ್ತು:

‘ಗುಬ್ಬಿ ಅವತ್ತು ಸಿಟ್ಟಲ್ಲಿ ಸ್ಟೂಲಿಗೆ ಬೇರೆಯವರು ಸಿಗ್ತಾರೆ ಅಂದೆ ಯಾರಿಗೂ ಕೊಡಲ್ಲ. ನೀನು ದೊಡ್ಡ ಮೆಷಿನ್ ಕಲಿಯಕ್ಕೆ ಹೋಗಿದ್ದು ಸರಿ. ಬಸ್‌ಸ್ಟ್ಯಾಂಡಿಗೆ ಓಡಿ ಬಂದೆ ಬಸ್ಸು ಹೊರಟುಹೋಗಿತ್ತು. ಈ ಗೂಟ ನಾನೊಬ್ಬನೇ ಹೊಡೆದಿದ್ದು ಸರಿಯಾಗಿದೆಯಾ ನೋಡಿ ಒಂದು ಫೋನ್ ಮಾಡು. ಅಣ್ಣ’

ಅವಳಿಗೆ ಅಕ್ಷರಗಳು ಕಲಸಿಕೊಂಡವು. ಒಂದೇ ಹೆಸರಿನ ಎರಡು ಗೂಟಗಳಿದ್ದರೆ ಹಗ್ಗ ಮೊದಲನೆಯದಕ್ಕೇ ಹೋಗಿ ನಿಲ್ಲುತ್ತದೆ. ಎರಡನೆಯದು ಇದೆ ಎಂದೂ ಅದಕ್ಕೆ ಗೊತ್ತಾಗುವುದಿಲ್ಲ. ಕ್ಲಾಸಿಗೆ ಹೋದ ಯಾರಿಗಾದರೂ ತಿಳಿದಿರುವ ವಿಷಯ. ಅಣ್ಣನಿಗೆ ಯಾರು ಹೇಳಿಕೊಟ್ಟಿದ್ದರು? ಹೆಸರುಗಳನ್ನೆಲ್ಲ ಅವಳೇ ಇಡುತ್ತಿದ್ದಳು. ತಲೆಯೆತ್ತಿ ನೋಡಿದಳು. ಹೊರಡುವ ಮುಂಚೆ ಅವನಿಗಾಗಿ ರಟ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ್ದ ಏಳು ಸೂಚನೆಗಳು ಇನ್ನೂ ಅಲ್ಲೇ ಇದ್ದವು, ಎಣ್ಣೆಯ ಬೆರಳಚ್ಚು ಮೆತ್ತಿಕೊಂಡು. ಎಲ್ಲವನ್ನೂ ಓದಿದಳು. ಇದೊಂದು ಇರಲಿಲ್ಲ.

“ಅಣ್ಣಾ.”

ಎಣ್ಣೆ ಡಬ್ಬಿಯ ಟಿಕ್ ಟಿಕ್ ನಿಂತಿತು.

“ಈ ‘ಗುಬ್ಬಿಗೆ’ ಅನ್ನೋದನ್ನ ನೀನು ಒಂದ್ಸಲನಾದ್ರೂ ಒತ್ತಿ ನೋಡಿದ್ಯಾ?”

“ನಾನ್ಯಾಕೆ ಒತ್ಲಿ?” ಎಂದ ಅವನು, ತಿರುಗದೆ. “ನಿಂಗೆ ಬರೆದಿದ್ದು. ಇನ್ನೊಬ್ಬರ ಕಾಗದ ಒಡೆದು ನೋಡ್ತಾರಾ?” ಎಣ್ಣೆ ಡಬ್ಬಿ ಕೆಳಗಿಟ್ಟು, “ನೀನೇ ಫೋನ್ ಮಾಡ್ಲಿಲ್ಲ,” ಎಂದ.

“ನಾನು ಓದಿರ್ಲಿಲ್ಲ. ಈಗ ಓದ್ದೆ. ಗೂಟದ ಹೆಸರು ತಪ್ಪಾಗಿತ್ತು ಅಣ್ಣ. ಅದು ಬೇರೆ ಕಡೆ ಹೋಗ್ತಿತ್ತು. ನಾನೇ ನಿಂಗೆ ಹೇಳಿಕೊಟ್ಟಿರ್ಲಿಲ್ಲ.”

ಅವನು ತಿರುಗಿದ. ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳುತ್ತಾನೆ ಎಂದುಕೊಂಡಳು. ಕೇಳಲಿಲ್ಲ. ಅವಳು ಆ ಕೊನೆಯ ಗೂಟಕ್ಕೂ ಅದರ ಹಗ್ಗಕ್ಕೂ ‘ಗುಬ್ಬಿ’ ಎಂದು ಹೆಸರಿಟ್ಟು ಉಳಿಸಿದಳು. ಮೌಸನ್ನು ಮೇಜಿನ ತುದಿಗೆ ಸರಿಸಿದಳು.

“ಈಗ ಒತ್ತು. ನಾನು ಓದಿ ಆಯ್ತಲ್ಲ.”

ಅವನು ಬಟ್ಟೆಯ ಚೂರಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಬಂದ. ಅವಳು ಏಳಹೋದರೆ ಭುಜ ಒತ್ತಿ ಕೂರಿಸಿದ. ಹಾಗೆ ಕೂತಾಗಲೇ ಅವಳಿಗೆ ಗೊತ್ತಾಯಿತು, ಇದು ಅದೇ ಸ್ಟೂಲು. ಗಿಡ್ಡ ಕಾಲಿನ ಕೆಳಗೆ ಅವಳು ಮಡಿಸಿಡುತ್ತಿದ್ದ ರಟ್ಟಿನ ಜಾಗದಲ್ಲಿ ಯಾರೋ ಹೊಸ ರಟ್ಟು ಮಡಿಸಿಟ್ಟಿದ್ದರು.

ಅವನು ಒತ್ತಿದ. ಪುಟ ಕಾಯಿಲೆಗಳನ್ನೆಲ್ಲ ದಾಟಿ, ವಿಳಾಸವನ್ನೂ ದಾಟಿ ಹೋಗಿ ನಿಂತಿತು.

“ಹಾರ್ತು,” ಎಂದ ಮೆಲ್ಲಗೆ.

ಅತ್ತಿಗೆ ತಟ್ಟೆಯಲ್ಲಿ ಮೂರು ಲೋಟ ಟೀ ಹಿಡಿದು ಬಾಗಿಲ ಹತ್ತಿರ ಬಂದವರು ಅಲ್ಲೇ ನಿಂತರು. ಅಣ್ಣ ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಮೇಲಕ್ಕೆ ಬಂದ, ಮತ್ತೆ ಒತ್ತಿದ. ಮತ್ತೆ ಮೇಲಕ್ಕೆ ಬಂದ. ಅತ್ತಿಗೆ ಕರೆಯಲಿಲ್ಲ. ತಟ್ಟೆಯ ಮೇಲೆ ಟೀ ನಿಧಾನವಾಗಿ ಕೆನೆಗಟ್ಟುತ್ತಿತ್ತು.