ಪಿಸುಗುಟ್ಟುವ ಪೆಟ್ಟಿಗೆ

ಅಜ್ಜ ಪದ್ಯ ಹೇಳಿದ ಹಳೆಯ ಧ್ವನಿಮುದ್ರಣವನ್ನು ನಾನು ದಿನವೂ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೈಮುಗಿದು ಕೂತು ಕೇಳುತ್ತೇನೆ. ಇನ್ನೂರು ಪದ್ಯ, ಪುಸ್ತಕ ಮುಟ್ಟದೆ! ಅದೇ ನನ್ನ ಹೆಮ್ಮೆ. ಇನ್ನೂ ತಿಳಿಯಾಗಿ ಕೇಳಲೆಂದು, ಹೆಡ್‌ಫೋನಿನ ದನಿಯನ್ನು ಏರಿಸುವ ಬೆಂಕಿಪೊಟ್ಟಣದಷ್ಟು ಯುಎಸ್‌ಬಿ ಪೆಟ್ಟಿಗೆಯೊಂದನ್ನು ತರಿಸಿ ಸಿಕ್ಕಿಸಿದೆ.

ಪ್ರತಿ ಸಾಲಿಗೂ ಮುನ್ನ ಯಾರೋ ಪಿಸುಗುಟ್ಟಿದರು. ಕಂಪ್ಯೂಟರಿನಲ್ಲಿ ತೆರೆದಿದ್ದನ್ನೆಲ್ಲ ಮುಚ್ಚಿದೆ, ತಂತಿ ಬದಲಿಸಿದೆ, ನಿಲ್ಲಲಿಲ್ಲ. ಪೆಟ್ಟಿಗೆ ಬಿಟ್ಟು ಹೆಡ್‌ಫೋನನ್ನು ಕಂಪ್ಯೂಟರಿಗೇ ಚುಚ್ಚಿದರೆ ಅಜ್ಜ ಒಬ್ಬರೇ! ತಲೆ ಕೆಟ್ಟುಹೋಯಿತು. ವಾಪಸು ಕಳಿಸೋಣವೆಂದು ಡಬ್ಬಿ ಹುಡುಕುತ್ತಿದ್ದಾಗ ಅಜ್ಜನ ಮಗಳು, ನನ್ನ ಸೋದರತ್ತೆ, ಬಂದರು.

"ಇದು ಕೆಟ್ಟಿದೆ ಅತ್ತೆ. ಯಾರದೋ ದನಿ ಸೇರ್ಕೊಂಡಿದೆ."

"ಕೊಡಿಲ್ಲಿ." ಪೆಟ್ಟಿಗೆ ಸಿಕ್ಕಿಸಿ ಹೆಡ್‌ಫೋನ್ ಕೊಟ್ಟೆ. ಕೇಳಿ ನಕ್ಕರು. "ಅಯ್ಯೋ ದಡ್ಡ, ನಿಮ್ಮಜ್ಜಿ ಕಣೋ! ಪ್ರತಿ ಸಾಲಿನ ಮೊದಲ್ನೇ ಪದ ಅವಳು ಎತ್ತಿಕೊಡ್ಬೇಕಿತ್ತು. ಇಲ್ದಿದ್ರೆ ನಿಮ್ಮಜ್ಜನ ಬಾಯಿಗೆ ಬೀಗ."

"ಮತ್ತೆ ಯಾರೂ ಹೇಳ್ಲೇ ಇಲ್ಲ?"

"ಹೇಳ್ಬೇಡಿ ಅಂತ ಅಜ್ಜೀನೇ ಆಣೆ ಹಾಕಿಸ್ಕೊಂಡಿದ್ಲು."

ಇಷ್ಟು ವರ್ಷ ಯಾರಿಗೆ ಕೈಮುಗಿದೆನೆಂಬುದೇ ತಿಳಿಯದಾಯಿತು. ಪೆಟ್ಟಿಗೆಯನ್ನು ವಾಪಸು ಕಳಿಸಲಿಲ್ಲ. ಮೊದಲ ಪದ್ಯದಿಂದ ಮತ್ತೆ ಕೇಳತೊಡಗಿದೆ. ಅಜ್ಜ ಬಾಯಿ ತೆರೆಯುವ ಮೊದಲೇ ಕೈಗಳು ತಾವಾಗಿ ಮುಗಿದುಕೊಂಡವು.