ಬೆಲ್ಲದ ನೀರು

"ಬಾಯಿ ಬುಡೇ, ಲೌಡಿ. ಇನ್ನೂ ಅಗಲ. ನಾಲ್ಗೆ ಚಾಚು."

ಹನುಮಂತರಾಯಪ್ಪ ಭಾಗ್ಯಮ್ಮನ ಗದ್ದವನ್ನು ಕೊಡೆಯ ತುದಿಯಿಂದ ಎತ್ತಿ, ಬಗ್ಗಿ ನೋಡಿದ. ಕೈಯಲ್ಲಿ ಮುಟ್ಟುವಂತಿರಲಿಲ್ಲ, ನಾವು ಕೇರಿಯವರು. ಮೂಸಿ ನೋಡಲು ಮಾತ್ರ ಅವನ ಮೂಗಿಗೆ ಮೈಲಿಗೆ ಇರಲಿಲ್ಲ.

"ಬೆಲ್ಲದ ವಾಸ್ನೆ! ಗಾರೆಗೆ ಅಂತ ತಂದಿರೋ ಬೆಲ್ಲ ನುಂಗ್ತಾ ಕುಂತವ್ಳೆ. ಎಲ್ಲಾ ಸಾಲಾಗಿ ನಿಂತ್ಕಳ್ರೇ. ಒಬ್ಬೊಬ್ಳದೂ ನೋಡ್ತೀನಿ."

ನಾವು ಏಳು ಹೆಂಗಸರು ಅವನ ತಾತನ ಮನೆಯ ಮೇಲೆ ಸಾಲಾಗಿ ನಿಂತು ಬಾಯಿ ತೆರೆದೆವು. ಕೆಳಗೆ ಬೀದಿಯಲ್ಲಿ ಯಾರೋ ನಕ್ಕರು. ಬೆಲ್ಲ ತಿಂದಿದ್ದೆವು. ಇಲ್ಲ ಎನ್ನುವುದಿಲ್ಲ. ಭಾಗ್ಯಮ್ಮನಿಗೆ ಐದು ತಿಂಗಳ ಕೂಸು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಬೆಲ್ಲದ ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು. ಉಳಿದವರು ಬೆರಳು ನೆಕ್ಕಿದೆವು.

ಹನುಮಂತರಾಯಪ್ಪನ ಹೊಲವೆಲ್ಲ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ, ಸುತ್ತ ತಂತಿಬೇಲಿ ಎದ್ದಿತ್ತು. ಪರಿಹಾರ ಬಂದ ದಾಯಾದಿಗಳೆಲ್ಲ ಸಿಮೆಂಟಿನ ಮೋಲ್ಡಿಂಗ್ ಮನೆ ಕಟ್ಟಿಕೊಂಡರು. ಇವನಿಗೆ ತಾತನ ಮನೆಯೇ ಬೇಕು. ಹೊಲವಿಲ್ಲದ ಗೌಡ ಗೌಡನಂತೆ ಕೂರಲು ಒಂದು ಜಗಲಿಯಾದರೂ ಇರಬೇಕಲ್ಲ. ಕಂಬಗಳಿಗೆ ಎಣ್ಣೆ ಹಚ್ಚಿಸಿದ. ಬಾಗಿಲ ಹಿತ್ತಾಳೆ ಹೂಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿಸಿದ. ಸೋರುತ್ತಿದ್ದ ಮಣ್ಣಿನ ಮಾಳಿಗೆ ಕೀಳಿಸಿ, ಇಟ್ಟಿಗೆ ಹಾಸಿ, ಮೇಲೆ ಸುಣ್ಣದ ಗಾರೆಯ ತಾರಸಿ ಹಾಕಿಸುತ್ತಿದ್ದ. ಮಗಳ ಮದುವೆ ಅಲ್ಲೇ ಆಗಬೇಕಿತ್ತು.

ಗಾರೆ ಎಂದರೆ ನಮ್ಮ ಏಳು ಜನರಲ್ಲಿ ಹಿರಿಯಳಾದ ಪಿಳ್ಳಮ್ಮ. ಸುಣ್ಣ, ಜಲ್ಲಿ ಕಲಸಿ ಹರಡಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಗಾರೆ ಗಟ್ಟಿಯಾಗಿ ಕೊಡತಿ ಪುಟಿಯುವ ತನಕ. ಹೆಬ್ಬಗೋಡಿಯಿಂದ ಅತ್ತಿಬೆಲೆಯವರೆಗೆ ಅವಳು ನಿಂತು ಬಡಿಸಿದ ತಾರಸಿ ಒಂದೂ ಸೋರಿರಲಿಲ್ಲ. ಆದರೆ ಈಗ ಎಲ್ಲರಿಗೂ ಮೋಲ್ಡಿಂಗ್. ವರ್ಷದಿಂದ ನಮಗೆ ಕೆಲಸವಿರಲಿಲ್ಲ. ಹನುಮಂತರಾಯಪ್ಪನಿಗೆ ಬೀಗರಾಗಲಿದ್ದ ಗೋಪಾಲಪ್ಪನವರಿಗೆ ಅತ್ತಿಬೆಲೆಯಲ್ಲಿ ಒಂದು ಹಳೆಯ ಛತ್ರವಿತ್ತು. "ಈ ತಾರಸಿ ಸೋರದಿದ್ರೆ ನಮ್ಮ ಛತ್ರಾನೂ ಇವರ ಕೈಲೇ ಮಾಡಿಸ್ತೀನಿ" ಎಂದಿದ್ದರು. ಛತ್ರ ಎಂದರೆ ಏಳು ಒಲೆಗೆ ಆರು ತಿಂಗಳ ಬೆಂಕಿ.

ಬಾಯಿ ತೋರಿಸಿದ ಮಾರನೆಯ ಬೆಳಗ್ಗೆ ಬೆಲ್ಲದ ನೀರಿನ ಹಂಡೆಯಲ್ಲಿ ಹಳದಿ ಎಣ್ಣೆ ತೇಲುತ್ತಿತ್ತು. ಬಾಯಿಗಿಡಲಾಗದ ಕಹಿ ಹೊಂಗೆ ಎಣ್ಣೆ. ಏಣಿ ಹತ್ತುವಾಗಲೇ ವಾಸನೆ ಹೊಡೆಯಿತು.

"ಈಗ ನೆಕ್ರೀ," ಎಂದ ಹನುಮಂತರಾಯಪ್ಪ. "ಒಂದು ಡಬ್ಬ ಸುರ್ದಿವ್ನಿ. ಬೆಲ್ಲ ಅಷ್ಟೂ ಅದ್ರಲ್ಲೇ ಐತೆ."

ಪಿಳ್ಳಮ್ಮ ಬೆರಳು ಅದ್ದಿ ಉಜ್ಜಿ ನೋಡಿದಳು. "ಇದು ಗಾರೆಗೆ ಬ್ಯಾಡ ಸ್ವಾಮೇ. ಎಣ್ಣೆ ಇಷ್ಟೊಂದು ಬಿದ್ರೆ ಸುಣ್ಣ ಕಚ್ಚಕಿಲ್ಲ. ಮೊದ್ಲ ಮಳೆಗೇ ಬಿಟ್ಕತದೆ. ಬೇರೆ ಬೆಲ್ಲ ಕೊಡ್ಸಿ. ಬೇಕಾದ್ರೆ ಬಾಯಿಗೆ ಬಟ್ಟೆ ಕಟ್ಕಂಡು ಬಡೀತೀವಿ."

"ಯಾವ ಇಂಜಿನಿಯರ್ ಕಾಲೇಜ್ನಾಗೆ ಓದ್ಕಂಡು ಬಂದ್ಯೇ, ಮುದ್ಕಿ? ತಿನ್ನಾಕೆ ಸಿಗ್ನಿಲ್ಲ ಅಂತ ಹೊಟ್ಟೆಉರಿ. ಬಡಿ, ಬಡಿ."

"ನನ್ನ ಹೆಸ್ರು ಓಯ್ತದೆ ಸ್ವಾಮೇ."

"ನಿಂಗೊಂದು ಹೆಸ್ರು!" ಕೊಡೆ ಊರಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ಪಿಳ್ಳಮ್ಮ ಹಂಡೆಯತ್ತ ನೋಡಿದಳು. ಬಿಟ್ಟು ಹೋದರೆ ಛತ್ರವಿಲ್ಲ. ಬಡಿದರೆ ಸೋರಬಹುದು, ಸೋರದೆಯೂ ಇರಬಹುದು. "ಬಡಿಯಾಕೆ ಕುಂತ್ಕಳ್ರೇ," ಎಂದಳು.

ಹನ್ನೊಂದು ದಿನ ಬಡಿದೆವು. ಯಾರೂ ಹಾಡಲಿಲ್ಲ. ಕೊಡತಿ ಕೊನೆಯ ದಿನವೂ ಪುಟಿಯಲಿಲ್ಲ.

ಮದುವೆಗೆ ಎಂಟು ದಿನ ಇರುವಾಗ ಮಳೆ ಬಂತು. ಗೋಪಾಲಪ್ಪನವರು ಮನೆ ನೋಡಲು ಬಂದ ದಿನವೇ. ಆಳು ಬಂದು ನಮ್ಮನ್ನು ಕರೆದ. ತೇಪೆ ಹಾಕಿಸಬಹುದೆಂದು ಪಿಳ್ಳಮ್ಮ ಕೊಡತಿ ಹಿಡಿದೇ ಬಂದಳು. ನಾವು ಅಂಗಳದಲ್ಲಿ ನೆನೆಯುತ್ತ ನಿಂತೆವು. ಒಳಗೆ ನಡುಮನೆಯಲ್ಲಿ, ಎಣ್ಣೆ ಹಚ್ಚಿದ ಕಂಬಗಳ ನಡುವೆ ಮೂರು ಪಾತ್ರೆ ಇಟ್ಟಿದ್ದರು. ಮೂರಕ್ಕೂ ಹನಿ ಬೀಳುತ್ತಿತ್ತು. ಗೋಪಾಲಪ್ಪನವರು ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡು ಕೂತಿದ್ದರು.

"ಇವೇ ನೋಡಿ ಬೀಗ್ರೇ, ಬೆಲ್ಲ ಕದ್ದು ತಿಂದ ಕಳ್ಮುಂಡೇವು," ಎಂದ ಹನುಮಂತರಾಯಪ್ಪ. "ಗಾರೆಗೆ ಬೆಲ್ಲವೇ ಬೀಳ್ನಿಲ್ಲ, ಸೋರ್ದೆ ಇನ್ನೇನು? ಏಯ್ ಮುದ್ಕಿ, ತಪ್ಪಾಯ್ತು ಅಂತ ಅಲ್ಲೇ ಅಡ್ಡ ಬೀಳು. ಇನ್ನೊಂದ್ಸಲ ಪುಕ್ಸಟ್ಟೆ ಬಡ್ಕೊಡು."

"ಹೌದೇನಮ್ಮಾ?" ಎಂದರು ಗೋಪಾಲಪ್ಪನವರು.

"ಒಂದು ಅಚ್ಚಿನ ಮೂಲೆ ತಿಂದ್ವಿ ಸ್ವಾಮಿ," ಎಂದಳು ಪಿಳ್ಳಮ್ಮ. ಎಂದವಳು ಮೆಟ್ಟಿಲು ಹತ್ತಿದಳು. ಹೊಸ್ತಿಲು ದಾಟಿದಳು. ಕೆಸರುಗಾಲಲ್ಲೇ ನಡುಮನೆಗೆ ನಡೆದಳು.

"ಏಯ್, ಎಲ್ಲಿಗೇ? ಮನೆ ಕೆಡಿಸ್ತೀಯೇನೇ!" ಹನುಮಂತರಾಯಪ್ಪ ಅಡ್ಡ ಬಂದ. ತಳ್ಳಬೇಕೆಂದರೆ ಮುಟ್ಟಬೇಕು. ಎತ್ತಿದ ಕೈ ಹಾಗೇ ನಿಂತಿತು.

ಅವಳು ಹನಿಯ ಕೆಳಗೆ ನಿಂತು ಮುಖ ಮೇಲೆತ್ತಿ ನಾಲಿಗೆ ಚಾಚಿದಳು. ಒಂದು ಹನಿ. ಇನ್ನೊಂದು. ಅವನ್ನು ನೆಲದ ಮೇಲೆ ಉಗಿದಳು.

"ಒಂಗೆ ಎಣ್ಣೆ," ಎಂದಳು. "ಬೆಲ್ಲ ತಿಂದೋರು ನಾವು ಸ್ವಾಮಿ. ಎಣ್ಣೆ ಉಯ್ದೋರು ಯಾರು, ಕೇಳಿ. ನಂಬಿಕೆ ಇಲ್ದಿದ್ರೆ ನೀವೂ ಬೆರಳು ಅದ್ದಿ ನೋಡಿ."

ಗೋಪಾಲಪ್ಪನವರು ಪಕ್ಕದ ಪಾತ್ರೆಯನ್ನು ನೋಡಿದರು. ನೀರಿನ ಮೇಲೆ ಹಳದಿ ಜಿಡ್ಡು ಆಡುತ್ತಿತ್ತು. ಬೆರಳು ಅದ್ದಲಿಲ್ಲ. ಅವಳ ಕೆಸರು ತಾಗದಂತೆ ಪಂಚೆ ಎತ್ತಿ, ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡರು.

"ಹೋಗ್ಲಿ ಬಿಡಿ ಬೀಗ್ರೇ. ನಮ್ಮ ಛತ್ರಕ್ಕೆ ಮೋಲ್ಡಿಂಗೇ ಹಾಕಿಸ್ತೀವಿ," ಎಂದರು.

ಪಿಳ್ಳಮ್ಮ ಆಮೇಲೆ ಗೋಪಾಲಪ್ಪನತ್ತ ನೋಡಲಿಲ್ಲ. ಹನುಮಂತರಾಯಪ್ಪನ ಕಡೆ ತಿರುಗಿದಳು. ಕೊಡತಿಯ ತುದಿಯನ್ನು ಅವನ ಗದ್ದದ ಕೆಳಗೆ ಇಟ್ಟು ಮೇಲಕ್ಕೆತ್ತಿದಳು, ಹನಿ ಬೀಳುವ ಕಡೆಗೆ.

"ಬಾಯಿ ಬುಡೋ, ಅಣ್ಮಂತ," ಎಂದಳು. "ಇನ್ನೂ ಅಗಲ."